ಸೀಲ್ ಗಟ್ಟಿ, ಒಳಗೆ ತೇವ: ಪಾಲಿಮರ್ ದಾಟಿ ಬರುವ ಅಣು, ಅಯಾನುಗಳ ದೋಷ ಪತ್ತೆ

ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಎಪಾಕ್ಸಿ (ಬೆರೆಸಿ ಹೊಯ್ದ ಮೇಲೆ ಗಟ್ಟಿಯಾಗುವ ರಾಳ) ತುಂಬಿ ಮುಚ್ಚಿದ ಸೆನ್ಸರ್ ಮೊದಲ ಕೆಲವು ವಾರ ಸರಿಯಾದ ರೀಡಿಂಗ್ ಕೊಡುತ್ತದೆ. ಆಮೇಲೆ ರೀಡಿಂಗ್ ಮೆಲ್ಲಗೆ ಜಾರತೊಡಗುತ್ತದೆ, ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆದರೆ ಗಿಗಾ ಓಮ್ ಇದ್ದದ್ದು ಮೆಗಾ ಓಮ್‌ಗೆ ಇಳಿದಿರುತ್ತದೆ. ಇಲ್ಲವೇ ಪ್ಲಾಸ್ಟಿಕ್ ಪೆಟ್ಟಿಗೆಯ ಒಳಗೋಡೆಗೆ ತಂಪು ಹೊತ್ತಿನಲ್ಲಿ ಹನಿ ಕಟ್ಟಿರುತ್ತದೆ, ತಾಮ್ರದ ಟರ್ಮಿನಲ್ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಬಣ್ಣ ಬಳಿದ ಉಕ್ಕಾದರೆ ಗುಳ್ಳೆ ಏಳುತ್ತದೆ. ಎಷ್ಟು ಹುಡುಕಿದರೂ ಬಿರುಕು ಸಿಗುವುದಿಲ್ಲ. ಓ-ರಿಂಗ್ ಬದಲಿಸುತ್ತಾರೆ, ಮೇಲೊಂದು ಪದರ ಸಿಲಿಕೋನ್ ಬಳಿಯುತ್ತಾರೆ, ಸ್ವಲ್ಪ ದಿನಕ್ಕೆ ಅದೇ ದೂರು ಮತ್ತೆ ಬರುತ್ತದೆ.

ಇಂಥ ಕಡೆ ಮೊದಲು ಕೇಳಬೇಕಾದದ್ದು, ಒಳಗೆ ಬಂದದ್ದು ಏನು ಎಂದು. ಬರೀ ನೀರಿನ ಅಣುವೇ, ಅಥವಾ ಅದರ ಜೊತೆ ಉಪ್ಪಿನ ಅಯಾನೂ (ವಿದ್ಯುದಾವೇಶ ಹೊತ್ತ ಕಣ) ಬಂದಿದೆಯೇ? ಪ್ಲಾಸ್ಟಿಕ್, ರಬ್ಬರ್, ಎಪಾಕ್ಸಿ ಎಲ್ಲವೂ ಪಾಲಿಮರ್, ಅಂದರೆ ಸರಪಳಿಯಂಥ ಉದ್ದ ಅಣುಗಳಿಂದಾದ ವಸ್ತು. ನೀರಿನ ಅಣು ಗಟ್ಟಿ ಪಾಲಿಮರ್‌ನ ಮೈಯೊಳಗೇ ಹಾದು ಬರಬಲ್ಲದು. ಅಯಾನಿಗೆ ಅದು ಆಗದ ಮಾತು, ಅದಕ್ಕೆ ಒದ್ದೆ ದಾರಿಯೊಂದು ಬೇಕೇ ಬೇಕು. ಕಾರಣ ಹುಡುಕುವ ಕೆಲಸವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ. ಇದನ್ನು ಬಿಟ್ಟು ಸೀಲ್ ಬದಲಿಸುತ್ತಾ ಹೋದರೆ ಹಣವೂ ಸಮಯವೂ ದಂಡ.

ಮೊದಲು ಲೆಕ್ಕ ಹಾಕಿ

ನೀರಾವಿಯನ್ನು ಪೂರ್ತಿ ತಡೆಯುವ ಪಾಲಿಮರ್ ಇಲ್ಲ. ಅಣು ಮೊದಲು ಮೇಲ್ಮೈಯಲ್ಲಿ ಕರಗುತ್ತದೆ, ಸರಪಳಿಗಳು ಅಲುಗಾಡುವಾಗ ನಡುವೆ ತೆರೆದುಕೊಳ್ಳುವ ಪುಟ್ಟ ಜಾಗಗಳಿಗೆ ಜಿಗಿಯುತ್ತಾ ಸಾಗುತ್ತದೆ, ಆಚೆ ಬದಿಯಲ್ಲಿ ಹೊರಬೀಳುತ್ತದೆ. ರಬ್ಬರ್ ಹಾಳೆಯ ಮೂಲಕ ಅನಿಲಗಳು ದಾಟುವುದನ್ನು ಥಾಮಸ್ ಗ್ರಹಾಂ 1866ರಲ್ಲೇ ಹೀಗೆ ವಿವರಿಸಿದ್ದರು. ಎಷ್ಟು ದಾಟುತ್ತದೆ ಎಂಬುದು ಎರಡು ಸಂಗತಿಗಳ ಗುಣಲಬ್ಧ: ಆ ಅಣು ಪಾಲಿಮರ್‌ನಲ್ಲಿ ಎಷ್ಟು ಕರಗುತ್ತದೆ, ಕರಗಿದ ಮೇಲೆ ಎಷ್ಟು ಬೇಗ ಚಲಿಸುತ್ತದೆ. ಮೊದಲನೆಯದು ಕರಗುವಿಕೆ, ಎರಡನೆಯದು ವಿಸರಣಾ ಗುಣಾಂಕ. ವಸ್ತು ಬದಲಿಸುವ ಮುನ್ನ ತೊಂದರೆ ಯಾವುದರಲ್ಲಿದೆ ಎಂದು ತಿಳಿದಿರಬೇಕು.

ಒಂದು ಲೀಟರ್ ಒಳಜಾಗದ ಪಾಲಿಎಥಿಲೀನ್ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ, ಗೋಡೆ 2 ಮಿ.ಮೀ. ದಪ್ಪ. ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್‌ನ 25 ಮೈಕ್ರಾನ್ ಹಾಳೆ 38 °ಸೆ. ತಾಪ, ಶೇ. 90 ಆರ್ದ್ರತೆಯಲ್ಲಿ ದಿನಕ್ಕೆ ಚದರ ಮೀಟರಿಗೆ ಸುಮಾರು 15ರಿಂದ 20 ಗ್ರಾಂ ನೀರಾವಿಯನ್ನು ಬಿಡುತ್ತದೆ. ಗೋಡೆ ಅದರ 80 ಪಟ್ಟು ದಪ್ಪ, ಹಾಗಾಗಿ ಸುಮಾರು 0.2 ಗ್ರಾಂ. ಪೆಟ್ಟಿಗೆಯ ಹೊರಮೈ ಹೆಚ್ಚುಕಡಿಮೆ 0.06 ಚದರ ಮೀಟರ್ ಎಂದರೆ ದಿನಕ್ಕೆ 12 ಮಿಲಿಗ್ರಾಂ. ಒಂದು ಲೀಟರ್ ಗಾಳಿಯನ್ನು 25 °ಸೆ.ನಲ್ಲಿ ಪೂರ್ತಿ ತೇವವಾಗಿಸಲು 23 ಮಿಲಿಗ್ರಾಂ ನೀರು ಸಾಕು! ಸಾಮಾನ್ಯ ತಾಪದಲ್ಲಿ ವೇಗ ಇದಕ್ಕಿಂತ ಕಡಿಮೆ ಇರುತ್ತದೆ ನಿಜ. ಆದರೂ ಒಂದೂ ತೂತಿಲ್ಲದ ಪೆಟ್ಟಿಗೆಯ ಒಳಗಾಳಿ ಕೆಲವು ದಿನಗಳಲ್ಲೋ ವಾರಗಳಲ್ಲೋ ಹೊರಗಾಳಿಯಷ್ಟೇ ತೇವವಾಗುವುದು ಖಚಿತ. ಪಾಲಿಕಾರ್ಬನೇಟ್ ನೀರಾವಿಯನ್ನು ಪಾಲಿಎಥಿಲೀನ್‌ಗಿಂತ ಹತ್ತು ಪಟ್ಟಿಗೂ ಮಿಕ್ಕಿ ಬಿಡುತ್ತದೆ, ಪಾರದರ್ಶಕ ಮುಚ್ಚಳ ಇರುವ ಪೆಟ್ಟಿಗೆಗಳಲ್ಲಿ ಇದನ್ನು ನೆನಪಿಡಿ.

ನೀರು, ದೂಳು ಒಳನುಗ್ಗದೆಂಬ ಐಪಿ 67 ಮುದ್ರೆ ಇದೆಯಲ್ಲ ಎಂದು ಯಾರಾದರೂ ವಾದಿಸಬಹುದು. ಆ ಪರೀಕ್ಷೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿ ನೋಡುವಂಥದ್ದು. ದ್ರವ ನೀರು ಒಳಗೆ ನುಗ್ಗುವುದಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ. ತಿಂಗಳುಗಟ್ಟಲೆ ಗೋಡೆಯ ಮೂಲಕ ಬರುವ ಆವಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ತೂತೋ, ಗೋಡೆಯೋ?

ಇವೆರಡನ್ನು ಬೇರ್ಪಡಿಸಲು ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಸಮಯವನ್ನು. ತೂತಿನ ಮೂಲಕ ಬರುವುದು ಕೂಡಲೇ ಬರುತ್ತದೆ. ಗೋಡೆಯ ಮೂಲಕ ಬರುವುದಕ್ಕೆ ಕಾಯುವ ಅವಧಿ ಒಂದಿದೆ. ದಪ್ಪದ ವರ್ಗವನ್ನು ವಿಸರಣಾ ಗುಣಾಂಕದ ಆರು ಪಟ್ಟಿನಿಂದ ಭಾಗಿಸಿದರೆ ಆ ಅವಧಿ ಸಿಗುತ್ತದೆ. ಎಪಾಕ್ಸಿಯಲ್ಲಿ ನೀರಿನ ವಿಸರಣಾ ಗುಣಾಂಕ ಸೆಕೆಂಡಿಗೆ 10⁻¹² ಚದರ ಮೀಟರ್ ಎಂದಿಟ್ಟುಕೊಳ್ಳಿ (ಬಿಗಿಯಾಗಿ ಕ್ಯೂರ್ ಆದ, ಅಂದರೆ ಪೂರ್ತಿ ಗಟ್ಟಿಯಾದ, ಎಪಾಕ್ಸಿಯಲ್ಲಿ ಇದರ ಹತ್ತನೇ ಒಂದು ಪಾಲೂ ಇರಬಹುದು). ಆಗ 0.1 ಮಿ.ಮೀ. ಪದರಕ್ಕೆ ಅರ್ಧ ಗಂಟೆಯೊಳಗೆ, 1 ಮಿ.ಮೀ.ಗೆ ಸುಮಾರು 46 ಗಂಟೆ, 2 ಮಿ.ಮೀ.ಗೆ ಹೆಚ್ಚುಕಡಿಮೆ 8 ದಿನ ಬೇಕು. ದಪ್ಪ ಇಮ್ಮಡಿಯಾದರೆ ಕಾಯುವ ಸಮಯ ನಾಲ್ಕು ಪಟ್ಟಾಗುತ್ತದೆ, ಆಮೇಲಿನ ಸ್ಥಿರ ಹರಿವು ಮಾತ್ರ ಅರ್ಧಕ್ಕಿಳಿಯುತ್ತದೆ. ಎರಡು ದಪ್ಪಗಳಲ್ಲಿ ಮಾದರಿ ಮಾಡಿ ನೋಡಿ. ನಾಲ್ಕು ಪಟ್ಟಿನ ನಿಯಮ ಕೂಡಿಬಂದರೆ ಗೋಡೆಯೇ ದಾರಿ. ದಪ್ಪಕ್ಕೂ ಸಮಯಕ್ಕೂ ಸಂಬಂಧವೇ ಕಾಣದಿದ್ದರೆ ಬಿರುಕನ್ನೋ ಸಂದನ್ನೋ ಹುಡುಕಿ.

ಹೀಲಿಯಂ ಸೋರಿಕೆ ಪತ್ತೆ ಯಂತ್ರ ಬಳಸುವವರು ಇದನ್ನು ದಿನವೂ ಕಾಣುತ್ತಾರೆ. ಹೀಲಿಯಂ ಹಾಯಿಸಿದ ಕೂಡಲೇ ಮುಳ್ಳು ಎದ್ದರೆ ತೂತು. ಕೆಲವು ನಿಮಿಷ ಸುಮ್ಮನಿದ್ದು ಆಮೇಲೆ ನಿಧಾನವಾಗಿ ಏರುತ್ತಾ ಹೋದರೆ ಅದು ರಬ್ಬರ್ ಓ-ರಿಂಗ್‌ನ ಮೈಯಿಂದಲೇ ದಾಟಿದ ಹೀಲಿಯಂ. ಎರಡನೆಯದನ್ನು ಸೋರಿಕೆ ಎಂದು ಬರೆದು ಒಳ್ಳೆಯ ಓ-ರಿಂಗ್‌ಗಳನ್ನು ಬಿಸಾಡುವುದುಂಟು.

ಅನಿಲಗಳ ಅನುಪಾತವೂ ಒಳ್ಳೆಯ ಸಾಕ್ಷಿ. ತೀರಾ ಸಣ್ಣ ರಂಧ್ರದ ಮೂಲಕ ಅನಿಲ ಹೋಗುವಾಗ ಭಾರದ ಅಣು ನಿಧಾನ, ಆದ್ದರಿಂದ ಇಂಗಾಲದ ಡೈಆಕ್ಸೈಡ್ ಸಾರಜನಕದ 0.8 ಪಟ್ಟು ಮಾತ್ರ ದಾಟಬೇಕು. ಸಿಲಿಕೋನ್ ರಬ್ಬರ್‌ನ ಮೈಯಲ್ಲಿ ಇದು ತಲೆಕೆಳಗು: ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗುವ ಕಾರಣ ಸಾರಜನಕಕ್ಕಿಂತ ಸುಮಾರು ಹತ್ತು ಪಟ್ಟು ದಾಟುತ್ತದೆ. ಎರಡೂ ಅನಿಲಗಳನ್ನು ಒಂದೇ ಒತ್ತಡದಲ್ಲಿ ಹಾಕಿ ಹೋಲಿಸಿದರೆ ಉತ್ತರದಲ್ಲಿ ಗೊಂದಲ ಉಳಿಯುವುದಿಲ್ಲ.

ತಾಪ ಏರಿಸಿಯೂ ನೋಡಬಹುದು. ಪಾಲಿಮರ್‌ನಲ್ಲಿ ವಿಸರಣೆಗೆ ಬೇಕಾದ ಸಕ್ರಿಯಣ ಶಕ್ತಿ (ಅಣು ಪಕ್ಕದ ಜಾಗಕ್ಕೆ ಜಿಗಿಯಲು ಬೇಕಾದ ಶಕ್ತಿ) ಮೋಲಿಗೆ 50 ಕಿಲೋಜೌಲ್ ಆಸುಪಾಸಿನಲ್ಲಿದ್ದರೆ 25ರಿಂದ 35 °ಸೆ.ಗೆ ಹೋದಾಗ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೂತಿನ ಮೂಲಕ ಹರಿಯುವ ಗಾಳಿಗೆ ಹೀಗೆ ಆಗುವುದಿಲ್ಲ, ಬಿಸಿಯಾದಂತೆ ಅನಿಲದ ಸ್ನಿಗ್ಧತೆ ಏರಿ ಹರಿವು ತುಸು ತಗ್ಗಲೂಬಹುದು. ಇಲ್ಲೊಂದು ಎಚ್ಚರಿಕೆ ಬೇಕು. ನೀರಾವಿಯ ಒತ್ತಡ ತಾನೇ 25 °ಸೆ.ನ 3.2 ಕಿಲೋಪಾಸ್ಕಲ್‌ನಿಂದ 35 °ಸೆ.ನಲ್ಲಿ 5.6ಕ್ಕೆ ಏರುತ್ತದೆ. ಅದಕ್ಕೇ ಎಷ್ಟು ನೀರು ಬಂತು ಎಂಬುದನ್ನು ನೋಡದೆ, ಮೊದಲ ನೀರು ಬರಲು ಎಷ್ಟು ಹೊತ್ತಾಯಿತು ಎಂಬುದನ್ನು ಹೋಲಿಸಿ.

ತೂಕದ ನಕ್ಷೆ ಹೇಳುವ ಕಥೆ

ಎಪಾಕ್ಸಿಯ ಮೇಲೇ ಸಂಶಯವಿದ್ದರೆ ಅದೇ ಬ್ಯಾಚ್‌ನಿಂದ 1 ಮಿ.ಮೀ. ದಪ್ಪದ ಬಿಲ್ಲೆ ಎರಕ ಹೊಯ್ಯಿರಿ. ಅಗಲ ದಪ್ಪಕ್ಕಿಂತ ತುಂಬಾ ಹೆಚ್ಚಿರಲಿ, ಇಲ್ಲದಿದ್ದರೆ ಅಂಚಿನಿಂದ ಬರುವ ನೀರು ಲೆಕ್ಕ ಕೆಡಿಸುತ್ತದೆ. ತೂಕ ಸ್ಥಿರವಾಗುವವರೆಗೆ 50 °ಸೆ. ಓವನ್‌ನಲ್ಲಿ ಒಣಗಿಸಿ, ಡಿಸ್ಟಿಲ್ಡ್ ನೀರಿಗೆ ಹಾಕಿ. ತೂಗುವಾಗ ಪ್ರತಿ ಸಲವೂ ಒಂದೇ ರೀತಿ ಒರೆಸಿ, ಒಂದೇ ಅವಧಿಯೊಳಗೆ ತೂಗಿ, 0.1 ಮಿಲಿಗ್ರಾಂ ಓದುವ ತಕ್ಕಡಿ ಬಳಸಿ. ಎರಡು ಗ್ರಾಂ ಬಿಲ್ಲೆ ಶೇ. 2ರಷ್ಟು ನೀರು ಹೀರಿದರೆ ಒಟ್ಟು 40 ಮಿಲಿಗ್ರಾಂ. ಒರೆಸುವಾಗ ಅಂಚಿನಲ್ಲಿ ಉಳಿದ ಒಂದು ಸಣ್ಣ ಹನಿಯೂ ಅದರಲ್ಲಿ ದೊಡ್ಡ ಪಾಲಾಗುತ್ತದೆ.

ತೂಕದ ಏರಿಕೆಯನ್ನು ಸಮಯದ ವರ್ಗಮೂಲದ ಎದುರು ಗುರುತಿಸಿ, ನೇರ ಸಮಯದ ಎದುರು ಬೇಡ. ಗೆರೆ ಮೊದಲು ನೆಟ್ಟಗೆ ಏರಿ, ಅರ್ಧಕ್ಕಿಂತ ಸ್ವಲ್ಪ ಮೇಲೆ ಬಾಗಿ, ಕೊನೆಗೆ ಸಮತಟ್ಟಾದರೆ ಅಡಾಲ್ಫ್ ಫಿಕ್ 1855ರಲ್ಲಿ ಬರೆದ ನಿಯಮದಂತೆಯೇ ವಿಸರಣೆ ನಡೆದಿದೆ. ಆಗ ಅರ್ಧ ತೂಕ ಏರಲು ಹಿಡಿದ ಸಮಯದಿಂದ ಗುಣಾಂಕ ಸಿಗುತ್ತದೆ: ದಪ್ಪದ ವರ್ಗವನ್ನು 0.049ರಿಂದ ಗುಣಿಸಿ ಆ ಸಮಯದಿಂದ ಭಾಗಿಸಿ. 1 ಮಿ.ಮೀ. ಬಿಲ್ಲೆಗೆ 14 ಗಂಟೆ ಹಿಡಿದರೆ ಉತ್ತರ 10⁻¹²ರ ಹತ್ತಿರ. ನಿಮ್ಮ ವಸ್ತುವಿನ ಸಂಖ್ಯೆಯನ್ನು ನೀವೇ ಅಳೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಫಿಲ್ಲರ್ (ಬೆರೆಸಿದ ಪುಡಿ) ಮತ್ತು ಕ್ಯೂರಿಂಗ್ ಬದಲಾದಂತೆ ಗುಣಾಂಕವೂ ಬದಲಾಗುತ್ತದೆ.

ನಕ್ಷೆ ಹೀಗೆ ಬರದಿದ್ದರೆ ಅದರಲ್ಲಿಯೇ ದೋಷದ ಸುಳಿವಿದೆ. ಸಮತಟ್ಟಾದ ಮೇಲೆ ಗೆರೆ ಮತ್ತೆ ಏರಿದರೆ ಒಳಗೆ ಸೂಕ್ಷ್ಮ ಬಿರುಕು ಬಿದ್ದಿದೆ, ಅಥವಾ ನೀರು ಪಾಲಿಮರ್‌ನ ಬಂಧಗಳನ್ನೇ ಕಡಿಯುತ್ತಿದೆ. ಏರಿದ ಗೆರೆ ಇಳಿಮುಖವಾದರೆ ಒಳಗಿನ ಯಾವುದೋ ವಸ್ತು ಕರಗಿ ಹೊರಬರುತ್ತಿದೆ: ಮೆತ್ತಗಾಗಿಸಲು ಬೆರೆಸಿದ ಪ್ಲಾಸ್ಟಿಸೈಜರ್ ಇರಬಹುದು, ಗಟ್ಟಿಯಾಗಿಸಲು ಬೆರೆಸಿ ಪ್ರತಿಕ್ರಿಯೆಗೆ ಸಿಗದೆ ಉಳಿದ ಹಾರ್ಡನರ್ ಇರಬಹುದು. ಬಿಲ್ಲೆಯನ್ನು ಮತ್ತೆ ಒಣಗಿಸಿ ತೂಗಿ. ಮೊದಲಿಗಿಂತ ಕಡಿಮೆ ಬಂದರೆ ಈ ಊಹೆ ಗಟ್ಟಿಯಾಯಿತು, ಮಿಶ್ರಣದ ಪ್ರಮಾಣವನ್ನೂ ಕ್ಯೂರಿಂಗ್ ಅನ್ನೂ ಪರಿಶೀಲಿಸಿ.

ತೂಕ ವರ್ಗಮೂಲಕ್ಕೆ ಒಗ್ಗದೆ ನೇರ ಸಮಯಕ್ಕೆ ಒಗ್ಗಿದರೆ ಅದು ಬೇರೆಯೇ ಜಾತಿ. ಗಾಜಿನಂತೆ ಬಿಗಿಯಾದ ಪಾಲಿಮರ್‌ಗೆ ಅದನ್ನು ಉಬ್ಬಿಸುವ ದ್ರವ ತಾಗಿದಾಗ ಉಬ್ಬಿದ ಭಾಗ ಮತ್ತು ಒಣ ಭಾಗದ ನಡುವೆ ಸ್ಪಷ್ಟ ಗಡಿ ಮೂಡಿ, ಆ ಗಡಿ ಒಂದೇ ವೇಗದಲ್ಲಿ ಒಳಸರಿಯುತ್ತದೆ. ಅಕ್ರಿಲಿಕ್ ತುಂಡನ್ನು ಮೆಥನಾಲ್‌ನಲ್ಲಿಟ್ಟು ಅಡ್ಡ ಕತ್ತರಿಸಿದರೆ ಆ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಆಲ್‌ಫ್ರೆ, ಗರ್ನಿ, ಲಾಯ್ಡ್ 1966ರಲ್ಲಿ ಇದನ್ನು ಎರಡನೇ ಬಗೆಯ ವಿಸರಣೆ ಎಂದು ಪ್ರತ್ಯೇಕಿಸಿದರು. ದಪ್ಪ ಇಮ್ಮಡಿ ಮಾಡಿದರೆ ನಾಲ್ಕು ಪಟ್ಟು ಕಾಲ ಸಿಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು, ಸಿಗುವುದು ಎರಡೇ ಪಟ್ಟು. ಸೀಲ್‌ಗೆ ಸಾಲ್ವೆಂಟ್ ತಾಗುವ ಕಡೆ ಇದನ್ನು ಮರೆತರೆ ಪೆಟ್ಟು ಬೀಳುತ್ತದೆ.

ಇನ್ನೊಂದು ಸಂಗತಿ. ಪಾಲಿಮರ್ ನೀರು ಹೀರಿದಂತೆ ಅದರ ಗ್ಲಾಸ್ ಟ್ರಾನ್ಸಿಷನ್ ತಾಪ, ಅಂದರೆ ಗಾಜಿನಂಥ ಬಿಗಿತ ಬಿಟ್ಟು ಮೆತ್ತಗಾಗುವ ತಾಪ, ಇಳಿಯುತ್ತದೆ. ಒಣ ನೈಲಾನ್ 6ರಲ್ಲಿ ಅದು ಸುಮಾರು 50 °ಸೆ., ನೀರು ತುಂಬಿಕೊಂಡ ನೈಲಾನ್‌ನಲ್ಲಿ ಕೋಣೆಯ ತಾಪಕ್ಕಿಂತಲೂ ಕೆಳಗೆ. ಆ ಗಡಿ ದಾಟಿದ ಪಾಲಿಮರ್ ಮೆತ್ತಗಾಗಿ ಸರಪಳಿಗಳು ಸಡಿಲಗೊಳ್ಳುತ್ತವೆ, ವಿಸರಣೆ ಒಮ್ಮೆಲೇ ಚುರುಕಾಗುತ್ತದೆ. ಒಣ ಮಾದರಿಯಲ್ಲಿ ಅಳೆದ ಸಂಖ್ಯೆಯನ್ನು ಒದ್ದೆಯಲ್ಲಿ ಕೆಲಸ ಮಾಡುವ ಭಾಗಕ್ಕೆ ಹಚ್ಚಬೇಡಿ.

ಅಯಾನು ಹೇಗೆ ಬಂತು?

ನೀರು ಬಂದ ಮಾತ್ರಕ್ಕೆ ಸರ್ಕ್ಯೂಟ್ ಕೆಡುವುದಿಲ್ಲ. ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಸುತ್ತದೆ. ಇನ್ಸುಲೇಷನ್ ನೂರಾರು ಪಟ್ಟು ಬಿದ್ದಿದೆ ಎಂದರೆ ನೀರಿನ ಜೊತೆ ಅಯಾನು ಇದೆ, ಅದು ಎಲ್ಲಿಂದ ಬಂತು ಎಂಬುದೇ ಈಗಿನ ಪ್ರಶ್ನೆ.

ಹೊರಗಿನ ಉಪ್ಪುನೀರಿನಿಂದ ಎಪಾಕ್ಸಿಯ ಮೈ ದಾಟಿ ಬಂತು ಎನ್ನುವುದು ಎಲ್ಲರ ಮೊದಲ ಊಹೆ, ಬಹುತೇಕ ಸಲ ಅದು ತಪ್ಪು. ವಿದ್ಯುದಾವೇಶ ಹೊತ್ತ ಕಣ ನೀರಿನಲ್ಲಿ ನೆಮ್ಮದಿಯಾಗಿರುವುದು ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಆವೇಶಗಳ ನಡುವಿನ ಸೆಳೆತವನ್ನು ವಸ್ತು ಎಷ್ಟು ತಗ್ಗಿಸುತ್ತದೆ ಎಂಬ ಅಳತೆ) 80ರ ಹತ್ತಿರ ಇರುವುದರಿಂದ. ಪಾಲಿಎಥಿಲೀನ್‌ನದು ಕೇವಲ 2.3. ಕ್ಲೋರೈಡ್ ಅಯಾನನ್ನು ನೀರಿನಿಂದ ಅದರೊಳಗೆ ತರಲು ಇಂಥ ಶಕ್ತಿಯನ್ನು ಲೆಕ್ಕ ಹಾಕುವ ಬಾರ್ನ್ ಸೂತ್ರದ ಪ್ರಕಾರ ಮೋಲಿಗೆ ಸುಮಾರು 160 ಕಿಲೋಜೌಲ್ ಬೇಕು. ಕೋಣೆಯ ತಾಪದಲ್ಲಿ ಅಣುಗಳ ಕೈಯಲ್ಲಿರುವ ಉಷ್ಣಶಕ್ತಿ ಮೋಲಿಗೆ 2.5 ಕಿಲೋಜೌಲ್ ಮಾತ್ರ. ಎಪಾಕ್ಸಿಯ ಸ್ಥಿತಿ ಇಷ್ಟು ಕಠಿಣವಲ್ಲವಾದರೂ ನೀರಿನ ಅಣು ದಿನಗಳಲ್ಲಿ ದಾಟುವ ಪದರವನ್ನು ಅಯಾನು ಅದೇ ದಾರಿಯಲ್ಲಿ ದಾಟಲಾರದು.

ಇಲ್ಲೊಂದು ದೊಡ್ಡ ಅಪವಾದವಿದೆ. ಆವಿಯಾಗಬಲ್ಲ ಆಮ್ಲ, ಪ್ರತ್ಯಾಮ್ಲಗಳು ಆವೇಶವಿಲ್ಲದ ಅಣುವಿನ ರೂಪದಲ್ಲೇ ಪಾಲಿಮರ್ ದಾಟಿ, ಆಚೆ ನೀರು ಸಿಕ್ಕಲ್ಲಿ ಅಯಾನುಗಳಾಗಿ ಒಡೆಯುತ್ತವೆ. ಹೈಡ್ರೋಕ್ಲೋರಿಕ್ ಆಮ್ಲ, ಅಸಿಟಿಕ್ ಆಮ್ಲ, ಅಮೋನಿಯ ಈ ಗುಂಪಿನವು. ಫ್ಲೋರೋಪಾಲಿಮರ್ ಲೈನಿಂಗ್ ಇರುವ ಉಕ್ಕಿನ ಟ್ಯಾಂಕ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇಟ್ಟಾಗ ಲೈನಿಂಗ್‌ನಲ್ಲಿ ಒಂದು ಗೀರೂ ಇಲ್ಲದೆ ಹಿಂದಿನ ಉಕ್ಕು ತುಕ್ಕು ಹಿಡಿಯಬಹುದು. ಆವಿಯಾಗದ ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಗಾದರೆ ಲೈನಿಂಗ್‌ನಲ್ಲೇ ದೋಷವಿದೆ ಎಂದು ಧೈರ್ಯವಾಗಿ ಹೇಳಬಹುದು. ಹಾಗಾಗಿ ಸುತ್ತಮುತ್ತ ಯಾವ ರಾಸಾಯನಿಕ ಇದೆ ಎಂದು ಮೊದಲೇ ಬರೆದುಕೊಳ್ಳಿ.

ಅಂಥದ್ದೇನೂ ಇಲ್ಲದಿದ್ದರೆ ಎರಡು ದಾರಿ ಉಳಿಯುತ್ತವೆ: ಅಯಾನು ಮೊದಲಿನಿಂದಲೂ ಒಳಗೇ ಇತ್ತು, ಅಥವಾ ಒದ್ದೆ ಸಂದಿನಿಂದ ಬಂತು. ಇವೆರಡನ್ನು ಬೇರ್ಪಡಿಸಲು ಒಂದೇ ಬ್ಯಾಚ್‌ನ ಎರಡು ಹೊಸ ಘಟಕ ತೆಗೆದುಕೊಳ್ಳಿ. ಒಂದನ್ನು ಉಪ್ಪುನೀರಿನಲ್ಲಿ ಮುಳುಗಿಸಿ. ಇನ್ನೊಂದನ್ನು ಮುಚ್ಚಿದ ಡಬ್ಬಿಯಲ್ಲಿ ಪೊಟ್ಯಾಸಿಯಂ ಸಲ್ಫೇಟ್‌ನ ಸಂತೃಪ್ತ ದ್ರಾವಣದ ಮೇಲೆ, ದ್ರವ ತಾಗದಂತೆ ತೂಗುಹಾಕಿ. 25 °ಸೆ.ನಲ್ಲಿ ಆ ದ್ರಾವಣ ಡಬ್ಬಿಯ ಗಾಳಿಯನ್ನು ಶೇ. 97 ಆರ್ದ್ರತೆಯಲ್ಲಿ ಹಿಡಿದಿಡುತ್ತದೆ. ಎರಡೂ ಒಂದೇ ಹೊತ್ತಿಗೆ ಕೆಟ್ಟರೆ ಹೊರಗಿನಿಂದ ಉಪ್ಪು ಬಂದಿಲ್ಲ. ಬಂದದ್ದು ನೀರು ಮಾತ್ರ, ಅಯಾನು ಬೋರ್ಡ್ ಮೇಲೇ ಇತ್ತು. ಬೆಸುಗೆಯ ಫ್ಲಕ್ಸ್ ಉಳಿಕೆ, ಬೆರಳಚ್ಚಿನ ಬೆವರು, ಸರಿಯಾಗಿ ತೊಳೆಯದ ಕ್ಲೀನರ್ ಇವೇ ಹೆಚ್ಚಾಗಿ ಸಿಕ್ಕಿಬೀಳುವವು. ಮುಳುಗಿಸಿದ್ದು ಮಾತ್ರ ಕೆಟ್ಟರೆ ದ್ರವ ಹರಿಯುವ ದಾರಿಯೊಂದು ಎಲ್ಲೋ ಇದೆ.

ಕೆಟ್ಟದ್ದನ್ನು ಬಿಚ್ಚುವಾಗ ಕೈಗವಸು ಹಾಕಿ. ಎಪಾಕ್ಸಿಯನ್ನು ಬೋರ್ಡ್‌ನಿಂದ ಕಿತ್ತ ಕೂಡಲೇ ಆ ಜಾಗವನ್ನು ಕೆಲವೇ ಹನಿ ಡಿಸ್ಟಿಲ್ಡ್ ನೀರಿನಿಂದ ತೊಳೆದು, ತೊಳೆದ ನೀರನ್ನು ಪುಟ್ಟ ಗಾಜಿನ ನಳಿಕೆಗೆ ಇಳಿಸಿ. ಒಂದು ಹನಿ ದುರ್ಬಲ ನೈಟ್ರಿಕ್ ಆಮ್ಲ, ಆಮೇಲೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್. ಕಪ್ಪು ಕಾಗದದ ಎದುರು ಹಿಡಿದು ನೋಡಿ. ಹನಿ ಬಿದ್ದಲ್ಲಿ ಮೊದಲು ಬಿಳಿ ಎಳೆಯೊಂದು ಇಳಿದು, ಅಲುಗಿಸಿದಾಗ ಇಡೀ ನೀರು ಹಾಲಿನಂತೆ ಮಂಜಾದರೆ ಕ್ಲೋರೈಡ್ ಇದೆ. ತಿಳಿಹಳದಿ ಛಾಯೆ ಇದ್ದರೆ ಬ್ರೋಮೈಡ್, ಆಗ ಫ್ಲಕ್ಸ್ ಮೇಲೆ ನನ್ನ ಸಂಶಯ ಹೆಚ್ಚುತ್ತದೆ. ಪಕ್ಕದಲ್ಲಿ ಅದೇ ಡಿಸ್ಟಿಲ್ಡ್ ನೀರನ್ನಷ್ಟೇ ಹಾಕಿದ ಇನ್ನೊಂದು ನಳಿಕೆ ಇರಲೇಬೇಕು. ಅದೂ ಮಂಜಾದರೆ ಕೊಳೆ ಇರುವುದು ನಿಮ್ಮ ನೀರಿನಲ್ಲೇ.

ಅಯಾನು ಒದ್ದೆ ದಾರಿಯಲ್ಲೇ ಬಂತೆಂದು ಇನ್ನೂ ಬಿಗಿಯಾಗಿ ತೋರಿಸಬೇಕಿದ್ದರೆ ಒಂದೇ ಸಾರದ ಪೊಟ್ಯಾಸಿಯಂ, ಸೋಡಿಯಂ, ಲಿಥಿಯಂ ಕ್ಲೋರೈಡ್ ದ್ರಾವಣಗಳಲ್ಲಿ ಹೋಲಿಸಿ. ನೀರಿನಲ್ಲಿ ಈ ಮೂರು ಅಯಾನುಗಳ ಮೋಲಾರ್ ವಾಹಕತೆ (ಹೆಚ್ಚಿದ್ದಷ್ಟೂ ಅಯಾನಿನ ಓಟ ಚುರುಕು) ಕ್ರಮವಾಗಿ 73.5, 50.1, 38.7. ಲಿಥಿಯಂ ಚಿಕ್ಕದಾದರೂ ಸುತ್ತ ನೀರಿನ ಅಣುಗಳನ್ನು ಕಟ್ಟಿಕೊಂಡು ಸಾಗುವುದರಿಂದ ಹಿಂದೆ ಬೀಳುತ್ತದೆ. ನಿಮ್ಮ ಘಟಕಗಳೂ ಇದೇ ಸರದಿಯಲ್ಲಿ ಕೆಟ್ಟರೆ ಅಯಾನುಗಳು ನೀರಿನಲ್ಲಿ ಈಜಿಯೇ ಬಂದಿವೆ.

ಅಯಾನು ದಾಟಲೆಂದೇ ಮಾಡಿದ ಪಾಲಿಮರ್‌ಗಳಲ್ಲಿ ದೂರು ತಿರುಗುಮುರುಗು. ಫ್ಯೂಯೆಲ್ ಸೆಲ್‌ನ ಸಲ್ಫೋನಿಕ್ ಪೊರೆಯಲ್ಲಿ ಪ್ರತಿರೋಧ ಏರಿದರೆ ಪೊರೆ ಒಣಗಿದೆಯೇ ನೋಡಿ. ಪಾಲಿಎಥಿಲೀನ್ ಆಕ್ಸೈಡ್ ಬಳಸುವ ಲಿಥಿಯಂ ಬ್ಯಾಟರಿಯಲ್ಲಿ ವಾಹಕತೆ ಕುಸಿದರೆ ತಾಪ 60 °ಸೆ.ಗಿಂತ ಕೆಳಗೆ ಹೋಗಿ ಪಾಲಿಮರ್ ಹರಳುಗಟ್ಟಿದೆಯೇ ನೋಡಿ. ಅಲ್ಲಿ ಅಯಾನು ಚಲಿಸುವುದು ಹರಳಾಗದ ಭಾಗದಲ್ಲೇ.

ಸಂದು ಮತ್ತು ಕೇಬಲ್

ಒದ್ದೆ ದಾರಿ ಬಹುಪಾಲು ಸಿಗುವುದು ಎರಡು ವಸ್ತುಗಳು ಅಂಟಿಕೊಂಡ ಗಡಿಯಲ್ಲಿ. ಬಣ್ಣದ ಅಣು ದೊಡ್ಡದು, ಗಟ್ಟಿ ಎಪಾಕ್ಸಿಯ ಮೈಯನ್ನು ಅಷ್ಟು ಬೇಗ ದಾಟದು. ಅದಕ್ಕಾಗಿ ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಒಂದೆರಡು ದಿನ ಇಟ್ಟು, ಮೇಲ್ಮೈ ಒರೆಸಿ, ನಿಧಾನ ಗರಗಸದಲ್ಲಿ ನೀರು ಸೋಕಿಸದೆ ಅಡ್ಡ ಕತ್ತರಿಸಿ. ಎಪಾಕ್ಸಿಯ ಮೈ ಸ್ವಚ್ಛವಾಗಿದ್ದು, ಕೇಬಲ್ ಜಾಕೆಟ್ ಎಪಾಕ್ಸಿಯನ್ನು ಮುಟ್ಟುವ ಕಡೆ ಕೂದಲೆಳೆಯಷ್ಟು ನೀಲಿ ಗೆರೆ ಕಂಡರೆ ಅಂಟು ಬಿಟ್ಟಿದೆ. ಪಾಲಿಎಥಿಲೀನ್ ಮತ್ತು ಫ್ಲೋರೋಪಾಲಿಮರ್ ಜಾಕೆಟ್‌ಗಳಿಗೆ ಮೇಲ್ಮೈ ಸಂಸ್ಕಾರವಿಲ್ಲದೆ ಎಪಾಕ್ಸಿ ಹಿಡಿಯುವುದೇ ಇಲ್ಲ. ನೀಲಿ ಬಣ್ಣ ತಂತಿಯ ಎಳೆಗಳ ನಡುವೆ ಕಂಡರೆ ನೀರು ಕೇಬಲ್‌ನ ಇನ್ನೊಂದು ತುದಿಯಿಂದ ಎಳೆಎಳೆಯ ನಡುವೆ ಏರಿ ಬಂದಿದೆ. ಅಂಥ ಕಡೆ ಸೆನ್ಸರ್ ಬದಿಯನ್ನು ಎಷ್ಟು ಮುಚ್ಚಿದರೂ ಗುಣವಾಗದು.

ವೋಲ್ಟೇಜ್ ಇದ್ದಾಗ ಮಾತ್ರ ಕೆಡುತ್ತದೆಯೇ ಎಂದೂ ಪರೀಕ್ಷಿಸಿ. ಸಂದಿನಲ್ಲಿ ತೆಳುವಾದ ನೀರಿನ ಪೊರೆ, ಅಯಾನು, ಡಿಸಿ ವೋಲ್ಟೇಜ್ ಮೂರೂ ಸೇರಿದರೆ ಧನ ತುದಿಯ ಲೋಹ ಕರಗಿ ಋಣ ತುದಿಯಿಂದ ಮರದ ಕೊಂಬೆಯಂತೆ ಬೆಳೆಯುತ್ತದೆ. ಬೆಳ್ಳಿ ಇದರಲ್ಲಿ ಎಲ್ಲಕ್ಕಿಂತ ಮುಂದೆ. ಋಣ ತುದಿಯಲ್ಲಿ ಹುಟ್ಟುವ ಕ್ಷಾರ ಅಂಟನ್ನೂ ಬಿಡಿಸುತ್ತದೆ.

ಬಣ್ಣದಡಿಯ ಗುಳ್ಳೆ

ಬಣ್ಣ ಬಳಿಯುವ ಮುನ್ನ ಉಕ್ಕಿನ ಮೇಲೆ ಉಪ್ಪು ಉಳಿದಿದ್ದರೆ ಪದರ ತಾನಾಗಿ ಅರೆಪಾರಕ ಪೊರೆಯಾಗುತ್ತದೆ: ನೀರು ಒಳಬರುತ್ತದೆ, ಉಪ್ಪು ಹೊರಹೋಗದು, ಒಳಗೆ ಒತ್ತಡ ಏಳುತ್ತದೆ. ಗುಳ್ಳೆಯೊಳಗಿನ ದ್ರವವನ್ನು ಸೂಜಿಯಿಂದ ತೆಗೆದು ಅದೇ ಸಿಲ್ವರ್ ನೈಟ್ರೇಟ್ ಪರೀಕ್ಷೆ ಮಾಡಿ. ಇಂಥ ಗುಳ್ಳೆ ಸಮುದ್ರದ ನೀರಿಗಿಂತ ಡಿಸ್ಟಿಲ್ಡ್ ನೀರಿನಲ್ಲಿ ಬೇಗ ಏಳುತ್ತದೆ, ಏಕೆಂದರೆ ಹೊರಗಿನ ಉಪ್ಪು ಕಡಿಮೆಯಾದಷ್ಟೂ ಆಸ್ಮಾಟಿಕ್ ಸೆಳೆತ ಜೋರು. ಉಪ್ಪುನೀರಿನಲ್ಲಿ ಮಾತ್ರ ಪರೀಕ್ಷಿಸಿ ಪಾಸು ಮಾಡಿದ ಬಣ್ಣ ಸಿಹಿನೀರಿನಲ್ಲಿ ಕೈಕೊಡುವುದು ಇದರಿಂದಲೇ.

ರಿಪೇರಿ ಯಾವ ಕಡೆ?

ಅಯಾನು ಒಳಗೇ ಇತ್ತೆಂದು ಗೊತ್ತಾದರೆ ಗೋಡೆ ದಪ್ಪ ಮಾಡುವುದರಿಂದ ಸ್ವಲ್ಪ ಕಾಲ ತಳ್ಳಿಹಾಕಿದಂತೆ ಅಷ್ಟೇ. ಬೋರ್ಡ್ ತೊಳೆಯುವ ಕ್ರಮವನ್ನು ಸರಿಮಾಡಿ. ಸಿಲಿಕೋನ್ ನೀರಾವಿಯನ್ನು ಧಾರಾಳವಾಗಿ ಬಿಡುತ್ತದೆ, ಆದರೂ ಸ್ವಚ್ಛ ಬೋರ್ಡ್‌ಗೆ ಚೆನ್ನಾಗಿ ಅಂಟಿದಾಗ ಒಳ್ಳೆಯ ರಕ್ಷಣೆ ಕೊಡುತ್ತದೆ, ಏಕೆಂದರೆ ನೀರು ಪೊರೆಯಾಗಿ ಹರಡಲು ಅಲ್ಲಿ ಜಾಗವೇ ಇರುವುದಿಲ್ಲ. ಸಂದು ದಾರಿಯಾಗಿದ್ದರೆ ಪ್ರೈಮರ್ ಹಚ್ಚಿ, ಜಾಕೆಟ್ ಉಜ್ಜಿ ಒರಟು ಮಾಡಿ, ತಂತಿಯ ಎಳೆಗಳನ್ನು ಒಂದು ಕಡೆ ಬೆಸುಗೆ ತುಂಬಿ ಕಟ್ಟಿ. ಗೋಡೆಯೇ ದಾರಿಯಾಗಿದ್ದು ಒಳಗೆ ಒಣಗಾಳಿಯೇ ಬೇಕೆಂದರೆ ಪಾಲಿಮರ್ ಬದಲಾವಣೆಯಲ್ಲಿ ಕಾಲ ಕಳೆಯದೆ ಲೋಹ ಅಥವಾ ಗಾಜಿನ ಗೋಡೆಗೆ ಹೋಗಿ. ಆಮ್ಲಜನಕ ತಡೆಗೆ ಹೆಸರಾದ ಎಥಿಲೀನ್ ವಿನೈಲ್ ಆಲ್ಕೋಹಾಲ್ ಪದರವನ್ನು ಇಲ್ಲಿ ನೆಚ್ಚಬೇಡಿ, ಆರ್ದ್ರತೆ ಏರಿದಾಗ ಅದು ನೀರು ಹೀರಿ ತನ್ನ ತಡೆಯ ಗುಣವನ್ನೇ ಕಳೆದುಕೊಳ್ಳುತ್ತದೆ.

ರಿಪೇರಿ ಆದ ಮೇಲಿನ ಪರೀಕ್ಷೆಯ ಅವಧಿಯನ್ನೂ ಮೊದಲು ಹೇಳಿದ ಕಾಯುವ ಅವಧಿಯ ಸೂತ್ರದಿಂದಲೇ ನಿರ್ಧರಿಸಿ. 4 ಮಿ.ಮೀ. ಪದರ, ಗುಣಾಂಕ 10⁻¹² ಎಂದರೆ ನೀರು ಆಚೆ ತಲುಪಲು 25 °ಸೆ.ನಲ್ಲಿ ಸುಮಾರು 31 ದಿನ ಬೇಕು. ಒಂದು ವಾರ ಮುಳುಗಿಸಿಟ್ಟು ಪಾಸಾಯಿತು ಎಂದು ಬರೆದರೆ ನೀರು ಬೋರ್ಡ್ ಮುಟ್ಟುವ ಮೊದಲೇ ಪರೀಕ್ಷೆ ಮುಗಿಸಿದಂತೆ. 45 °ಸೆ.ಗೆ ಏರಿಸಿದರೆ, ಸಕ್ರಿಯಣ ಶಕ್ತಿ 50 ಕಿಲೋಜೌಲ್ ಇರುವಲ್ಲಿ, ಅದು 9 ದಿನಕ್ಕೆ ಇಳಿಯುತ್ತದೆ. ಒದ್ದೆ ಎಪಾಕ್ಸಿಯ ಗ್ಲಾಸ್ ಟ್ರಾನ್ಸಿಷನ್ ತಾಪ ಅದಕ್ಕಿಂತ ಸಾಕಷ್ಟು ಮೇಲಿದೆ ಎಂದು ಖಾತ್ರಿ ಮಾಡಿಕೊಂಡು, ಆ ಅವಧಿಯ ಮೂರು ಪಟ್ಟಾದರೂ ವೋಲ್ಟೇಜ್ ಹಚ್ಚಿಟ್ಟು ಇನ್ಸುಲೇಷನ್ ರೆಸಿಸ್ಟೆನ್ಸ್ ಅನ್ನು ದಿನವೂ ಬರೆದಿಡಿ.